ಕೇಳಿದ್ದನ್ನು ಮೊದಲು ವಾಪಸ್ ಕೊಡು

ಉಪದೇಶಿಯಮ್ಮ ಪಾಠ ಬಿಟ್ಟರಂತೆ. ಹೋದ ವಾರ ಕೊಳ್ಳೇಗಾಲದಿಂದ ನಮ್ಮ ಯಳಂದೂರಿನ ಮನೆಗೆ ಬಂದ ಚಿಕ್ಕಮ್ಮ ಚೀಲದಿಂದ ಹುರಿಗಡಲೆ, ಬೆಲ್ಲ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು ಎಲ್ಲವನ್ನೂ ಒಂದೊಂದಾಗಿ ತೆಗೆದಿಡುತ್ತಾ ಈ ಸುದ್ದಿಯನ್ನೂ ಅವುಗಳ ಪಕ್ಕದಲ್ಲೇ ಇಟ್ಟಳು.

"ಕಿವಿ ಮಂದ ಆಗ್ಬುಟ್ಟದೆ ಕಣೆ. ಮಕ್ಳು ಏಳೋದು ಕೇಳಿಸ್ದೆ ಪಾಠ ಎಂಗ್ ಮಾಡ್ಲಿ ಅಂತ ಅವ್ರೇ ಬುಟ್ರು. ಈಗ ಅವ್ರತ್ರ ಕಲ್ತ ಸವರಿ ಪಾಠ ಮಾಡ್ತಾವ್ಳೆ."

"ಈಗ ಸವರಿ ಪಾಠ ಮಾಡ್ತಾವ್ಳೆ ಅಂತೀಯಾ" ಎಂದೆ ನಾನು. ಅಂದ ಮೇಲೆ ಇಬ್ಬರಿಗೂ ನಗು ಬಂತು. ಎದುರಿನವರು ಹೇಳಿದ ಮಾತನ್ನು ಒಮ್ಮೆ ನನ್ನ ಬಾಯಲ್ಲಿ ಹೇಳಿಕೊಂಡು ಆಮೇಲೆ ಉತ್ತರ ಕೊಡುವ ಈ ಚಾಳಿ ನನಗೆ ಹತ್ತಿದ್ದು ಉಪದೇಶಿಯಮ್ಮನಿಂದಲೇ. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರಿಗೆ ಇದರಿಂದ ಪೀಕಲಾಟವಾಗುತ್ತಿತ್ತು. "ನನ್ನ ಕನ್ನಡಕ ಎಲ್ಲಿ" ಎಂದರೆ "ಕನ್ನಡಕ ಎಲ್ಲಿ ಅಂತ ಕೇಳ್ತಿದ್ದೀರಿ" ಎನ್ನುವ ಹೆಂಡತಿಯನ್ನು ಕಟ್ಟಿಕೊಂಡು ಯಾರಿಗೆ ತಾನೆ ಸಿಟ್ಟು ಬಾರದು? ಈಗ ಅವರಿಗೂ ಅಭ್ಯಾಸವಾಗಿದೆ. ಎಷ್ಟೋ ಸಲ ನಾನು ಮಾತನ್ನು ಹಿಂತಿರುಗಿಸುವಷ್ಟರಲ್ಲಿ ಕನ್ನಡಕ ತಮ್ಮ ಹಣೆಯ ಮೇಲೇ ಇರುವುದು ಅವರಿಗೆ ನೆನಪಾಗಿಬಿಡುತ್ತದೆ.

ಕ್ರೈಸ್ತರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಉತ್ತರ ಹೇಳಿಸಿ ಧರ್ಮವನ್ನು ಕಲಿಸುವುದಕ್ಕೆ ಜ್ಞಾನೋಪದೇಶ ಎನ್ನುತ್ತಾರೆ. ಕಲಿಸುವವರು ಉಪದೇಶಿ. ನಮ್ಮ ಉಪದೇಶಿಯಮ್ಮನ ಗಂಡ ಹನೂರು, ರಾಮಾಪುರದ ಕಡೆಯ ಹಟ್ಟಿಗಳಿಗೆಲ್ಲ ನಡೆದೇ ಹೋಗಿ ಈ ಕೆಲಸ ಮಾಡುತ್ತಿದ್ದರಂತೆ. ಕಾಡಂಚಿನ ಚಳಿಜ್ವರಕ್ಕೆ ಅವರು ತೀರಿಕೊಂಡಾಗ ಕೊಳ್ಳೇಗಾಲದ ಚರ್ಚಿನ ಸ್ವಾಮಿಗಳು, "ಬೇರೆಯವರು ಬರುವವರೆಗೆ ನೀನೇ ಮಕ್ಕಳನ್ನು ನೋಡಿಕೋ ತಾಯಿ" ಎಂದರು. ಬೇರೆಯವರು ಬರಲಿಲ್ಲ. ಇವರು ಕೊಳ್ಳೇಗಾಲದ ನನ್ನ ತವರುಮನೆಯ ಬೀದಿಕೋಣೆಗೆ ಬಾಡಿಗೆಗೆ ಬಂದರು. ಆಗ ನಾನಿನ್ನೂ ಜಡೆ ಹೆಣೆಸಿಕೊಳ್ಳಲು ಅಜ್ಜಿಯ ಮುಂದೆ ಕೂರುತ್ತಿದ್ದ ಹುಡುಗಿ.

ಗಿಡ್ಡನೆಯ ಹೆಂಗಸು. ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಹಿತ್ತಾಳೆಯ ಸಣ್ಣ ಶಿಲುಬೆ. ಗಂಡ ಇದ್ದಾಗ ಭಾರವಾದ ಓಲೆ ಹಾಕುತ್ತಿದ್ದುದರಿಂದ ಕಿವಿಯ ಹಾಲೆಗಳು ಜೋತುಬಿದ್ದು, ಖಾಲಿಯಾಗಿ ಅಲ್ಲಾಡುತ್ತಿದ್ದವು. ತಲೆಯ ಮೇಲೆ ಸೆರಗು ಹೊದ್ದರೂ ಬಲಗಿವಿಯ ಹಿಂದಕ್ಕೆ ಅದನ್ನು ಸಿಕ್ಕಿಸಿ ಆ ಕಿವಿಯನ್ನು ಮಾತ್ರ ತೆರೆದಿಡುತ್ತಿದ್ದರು. ನಾವು ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುವರು. ತಾವು ಮಾತಾಡುವಾಗ ತೆರೆಯುವರು. ಮೊದಮೊದಲು ನಾನು ಅವರಿಗೆ ನಿದ್ದೆ ಬಂದಿದೆ ಎಂದುಕೊಂಡು ಮಾತು ನಿಲ್ಲಿಸಿದರೆ, ಕಣ್ಣು ಮುಚ್ಚಿಕೊಂಡೇ "ಊಂ, ಆಮೇಲೆ?" ಎನ್ನುತ್ತಿದ್ದರು.

ಬಂದ ಹೊಸದರಲ್ಲಿ ಅವರು ಪಾಠ ಮಾಡುತ್ತಿದ್ದದ್ದು ಗಂಡನ ಹಾಗೆಯೇ. ಕೈಯಲ್ಲಿ ಹೊಡೆಯಲು ಹುಣಸೆಯ ಬರಲು. ಜಗಲಿಯ ಮೇಲೆ ಮಕ್ಕಳ ಸಾಲು. ಹೆಚ್ಚಿನವರು ರಾಮಾಪುರದ ಆಚೆಯಿಂದ ರೇಷ್ಮೆ ಬಿಚ್ಚುವ ಕೂಲಿಗೆಂದು ಪೇಟೆಗೆ ಬಂದವರ ಮಕ್ಕಳು, ಅರ್ಧ ತಮಿಳು ಅರ್ಧ ಕನ್ನಡ ಆಡುವವರು. ಇವರು ಪ್ರಶ್ನೆ ಕೇಳುವುದಕ್ಕೂ ಅವರು ಉತ್ತರ ಕೂಗುವುದಕ್ಕೂ ನಡುವೆ ಒಂದು ಉಸಿರಿನ ಸಂದೂ ಇರುತ್ತಿರಲಿಲ್ಲ. ಒಳಗೆ ಮಗ್ಗದಲ್ಲಿ ಕೂತ ನಮ್ಮ ಅಜ್ಜಿಗೆ ಎಲ್ಲವೂ ಕೇಳಿಸುತ್ತಿತ್ತು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿಮಗ್ಗ. ಹೊಸ ಸೀರೆಗೆ ಹಾಸು, ಎಂದರೆ ಉದ್ದದ ಎಳೆ, ಹೂಡುವಾಗ ಅಂಚಿನ ಬಣ್ಣದ ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಹಣಿಗೆಯ ಹಲ್ಲಿನ ಸಂದಿಯಲ್ಲಿ ದಾಟಿಸಬೇಕು. ಹಣಿಗೆಯ ಆ ಕಡೆ ಅಜ್ಜಿ, ಈ ಕಡೆ ಚಿಕ್ಕಮ್ಮ. ಅಜ್ಜಿ "ಎರಡು ಹಸ್ರು, ಒಂದು ಕೆಂಪು" ಎಂದು ಕೂಗಿ ಎಳೆ ನೀಡಿದರೆ ಚಿಕ್ಕಮ್ಮ ತಕ್ಷಣ ಎಳೆದುಕೊಳ್ಳುವ ಹಾಗಿಲ್ಲ. "ಎರಡು ಹಸ್ರು, ಒಂದು ಕೆಂಪು" ಎಂದು ಕೂಗನ್ನು ವಾಪಸ್ ಕೊಡಬೇಕು. ಆಮೇಲೆ ಎಳೆ. ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಒಂದು ಎಳೆ ಅದಲುಬದಲಾದರೆ ಇಡೀ ಸೀರೆಯ ಅಂಚು ಉದ್ದಕ್ಕೂ ಕೆಡುತ್ತದೆ.

ಒಂದು ದಿನ ಉಪದೇಶಿಯಮ್ಮ, ಮಕ್ಕಳು ಬಾಯಿಪಾಠ ಕೂಗುತ್ತಾ ಉತ್ತರದಲ್ಲಿ ಒಂದು ಪ್ರಶ್ನೆ ಹಿಂದೆ ಬಿದ್ದಿದ್ದಾರೆ ಎಂದು ತಡವಾಗಿ ಗೊತ್ತಾಗಿ, ಬರಲನ್ನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರು ಕೇಳಿದ್ದು ದೇವರು ಎಲ್ಲಿದ್ದಾನೆ ಎಂದು. ಮಕ್ಕಳು ಹೇಳಿದ್ದು ಅದರ ಹಿಂದಿನ, ದೇವರಲ್ಲಿ ಎಷ್ಟು ಜನ ಎಂಬ ಪ್ರಶ್ನೆಯ ಉತ್ತರ, ಮೂರು ಜನ ಎಂದು. ಅಜ್ಜಿ ಮಗ್ಗದ ಗುಂಡಿಯಿಂದಲೇ ಹೇಳಿದರು:

"ಅವು ನಿನ್ನ ಮಾತ ಕೇಳಿಸ್ಕಂಡೇ ಇಲ್ಲ ಕಣಮ್ಮಣ್ಣಿ. ಜವಾಬು ಎಸೀತವೆ ಅಷ್ಟೆ."

"ಏನ್ಮಾಡ್ಲಿ ಅವ್ವ, ಒಡ್ದೂ ಆಯ್ತು."

"ಒಡ್ದ್ರೆ ಕಿವಿ ಬತ್ತದಾ? ಇಲ್ಲಿ ಬಾ, ಕುಂತ್ಕೊ. ನನ್ನ ಸೊಸೆ ಎಂಗೆ ಎಳೆ ತಗೋತಾಳೆ ನೋಡು."

ಉಪದೇಶಿಯಮ್ಮ ಬಂದು ಕೂತರು. ಕಣ್ಣು ಮುಚ್ಚಿಕೊಂಡರು. ಎರಡು ಹಸಿರು ಒಂದು ಕೆಂಪು, ಎರಡು ಹಸಿರು ಒಂದು ಕೆಂಪು ಎಂದು ಕೂಗು ಹೋಗುವುದೂ ಬರುವುದೂ ಕೇಳುತ್ತಾ ಆ ಮಧ್ಯಾಹ್ನವೆಲ್ಲ ಅಲ್ಲೇ ಇದ್ದರು. ಮಾರನೆಯ ದಿನ ಹುಣಸೆಯ ಬರಲು ನಮ್ಮ ಒಲೆಗೆ ಹೋಯಿತು. ಜಗಲಿಯ ಮೇಲೆ ಅವರು ಒಂದು ಕೈಯನ್ನು ಕಿವಿಯ ಹಿಂದೆ ದೊನ್ನೆಯಂತೆ ಹಿಡಿದು, ಇನ್ನೊಂದು ಅಂಗೈಯನ್ನು ಮಕ್ಕಳ ಮುಂದೆ ಚಾಚಿ ಹೇಳಿದರು: "ಕೇಳಿದ್ದ ಮೊದ್ಲು ವಾಪಸ್ ಕೊಡು. ನಿನ್ನ ಮಾತ್ನಲ್ಲೇ ಕೊಡು. ಆಮೇಲೆ ಉತ್ರ."

ಅಂದಿನಿಂದ ಅವರ ಪಾಠ ಬೀದಿಯಲ್ಲೇ ಬೇರೆ ಥರ ಕೇಳಿಸತೊಡಗಿತು. ಪುಸ್ತಕದ ಪ್ರಶ್ನೆ ದೊಡ್ಡ ದೊಡ್ಡ ಮಾತಿನಲ್ಲಿ ಹೋಗುತ್ತಿತ್ತು. ಮಕ್ಕಳ ಬಾಯಿಂದ ಅದು ಹಟ್ಟಿಯ ಮಾತಾಗಿ ತಿರುಗಿ ಬರುತ್ತಿತ್ತು. ತಿರುಗಿ ಬಂದದ್ದು ಅಡ್ಡದಾರಿ ಹಿಡಿದಿದ್ದರೆ ಮಗುವಿಗೆ ಎಲ್ಲಿ ತಿಳಿದಿಲ್ಲ ಎಂದು ಅಲ್ಲೇ ಗೊತ್ತಾಗಿಬಿಡುತ್ತಿತ್ತು. ಬೈಗುಳ ಬೇಕಿರಲಿಲ್ಲ. ಇನ್ನೊಂದು ಸಲ ಕೇಳಿದರೆ ಸಾಕು.

ಪಾಠದಲ್ಲಿ ಹಿಡಿಸಿದ್ದು ಬಾಳಿಗೂ ಹಿಡಿಯಿತು. ಸತ್ತೇಗಾಲದಿಂದ ಹೊಳೆಮೀನು ಹೊತ್ತು ಬರುತ್ತಿದ್ದ ಒಬ್ಬಾಕೆ ಇದ್ದಳು, ಬಾಯಿ ಬಹಳ ಜೋರು.

"ಬೆಳಿಗ್ಗೆ ಇಡ್ದ ಮೀನು ಕಣಕ್ಕ, ಇನ್ನೂ ಒದ್ದಾಡ್ತಿತ್ತು."

ಉಪದೇಶಿಯಮ್ಮ ಮೀನನ್ನು ಮುಟ್ಟಲೂ ಇಲ್ಲ, ಮೂಸಲೂ ಇಲ್ಲ. ಕಿವಿಯ ಹಿಂದೆ ಕೈ ಇಟ್ಟು, "ಬೆಳಿಗ್ಗೆ ಇಡ್ದ ಮೀನು, ಇನ್ನೂ ಒದ್ದಾಡ್ತಿತ್ತು ಅಂತೀಯಾ" ಎಂದರು. ಯಾವ ಕೊಂಕೂ ಇಲ್ಲದ ದನಿ. ಮೀನಿನಾಕೆ ಬುಟ್ಟಿಯ ಕಡೆ ನೋಡಿದಳು.

"ನೆನ್ನೆ ಸಂಜೇದು ಕಣಕ್ಕ. ಒದ್ದಾಡ್ತಾ ಏನೂ ಇರ್ನಿಲ್ಲ."

"ಸಂಜೇದೂ ಸಾರಿಗಾಯ್ತದೆ, ಕೊಡು" ಎಂದು ಇವರು ತೆಗೆದುಕೊಂಡರು. ಆಮೇಲೆ ಆಕೆ ನಮ್ಮ ಬೀದಿಗೆ ಬಂದರೆ ಬೇರೆಯವರ ಬಾಗಿಲಲ್ಲಿ ಏನು ಕೂಗಿದರೂ ಈ ಜಗಲಿಯ ಮುಂದೆ ಮಾತ್ರ, "ಇವತ್ತು ನಿಜವಾಗ್ಲೂ ಬೆಳಿಗ್ಗೇದೆ ಕಣಕ್ಕ" ಎನ್ನುತ್ತಿದ್ದಳು.

ನಾನು ಮೈಸೂರಿನ ಕಾನ್ವೆಂಟಿಗೆ ಹೋದದ್ದೂ ಇದೇ ವಿದ್ಯೆಯಿಂದ. ಅಪ್ಪ ಸೀರೆ ಮಾರಲು ಮೈಸೂರಿಗೆ ಹೋಗಿಬರುತ್ತಿದ್ದರು. ಅಲ್ಲಿ ಹುಡುಗಿಯರು ಇದ್ದು ಓದುವ ಶಾಲೆ ಇದೆ ಎಂದು ಉಪದೇಶಿಯಮ್ಮನೇ ತಿಳಿಸಿದರು. ಅಜ್ಜಿ ಲಾಳಿ ನಿಲ್ಲಿಸಿದರು.

"ಬ್ಯಾಡ. ಕಿರಸ್ತಾನಿ ಮಾಡ್ಬುಡ್ತಾರೆ."

"ಕಿರಸ್ತಾನಿ ಮಾಡ್ಬುಡ್ತಾರೆ ಅಂತೀಯಾ ಅವ್ವ" ಎಂದರು ಉಪದೇಶಿಯಮ್ಮ.

ಅಜ್ಜಿ ತಮ್ಮ ಮಾತನ್ನೇ ತಾವು ಕೇಳಿಸಿಕೊಂಡರು. ಬೀದಿಕೋಣೆಯ ಕಡೆ ನೋಡಿದರು, ಎದುರು ಕೂತಿದ್ದವರ ಕತ್ತಿನ ಶಿಲುಬೆ ನೋಡಿದರು, ಹೊಟ್ಟೆ ಕುಲುಕಿ ನಗತೊಡಗಿದರು. "ಇಷ್ಟು ವರ್ಸ ನಮ್ಮನೇಲಿದ್ದು ನಿನ್ಗೇ ನನ್ನ ಮಾಡಕ್ಕಾಗ್ನಿಲ್ಲ. ಅವ್ರೇನು ಮಾಡಾರು. ಓಗ್ಲಿ ಬುಡು ಕೂಸು."

ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರಿಗೆ ಬೆಳಿಗ್ಗೆ ಒಂದು ಪಾಠವಿರುತ್ತಿತ್ತು. ನಮ್ಮಂಥವರು ಆ ಹೊತ್ತಿನಲ್ಲಿ ವರಾಂಡದಲ್ಲಿ ಕಸೂತಿ ಹಾಕುತ್ತಾ ಕೂರಬೇಕು. ಒಳಗಿನಿಂದ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ನನಗೆ ನಮ್ಮ ಜಗಲಿ ನೆನಪಾಗುತ್ತಿತ್ತು. ಮೊದಲ ರಜೆಗೆ ಊರಿಗೆ ಬಂದಾಗ ಅದನ್ನು ಹೇಳಿದೆ.

"ಅಲ್ಲಿ ಅದಕ್ಕೆ ಏನಂತಾರೆ ಕೂಸು?"

"ಕ್ಯಾಟೆಕಿಸಂ."

"ಕ್ಯಾಟೆಕಿಸಂ ಅಂತೀಯಾ" ಎಂದು ನಿಧಾನವಾಗಿ ಹೇಳಿಕೊಂಡರು. "ಅಂದ್ರೆ ಏನು?"

"ಜ್ಞಾನೋಪದೇಶ."

"ಅದು ನಮ್ಮ ಮಾತು. ಆ ಮಾತ್ಗೆ ಏನರ್ಥ? ಯಾರಿಟ್ಟ ಹೆಸ್ರು?"

ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದೆ.

ಶಾಲೆ ಶುರುವಾದ ಮೇಲೆ ಒಂದು ಸಂಜೆ ಧೈರ್ಯ ಮಾಡಿ ನಮ್ಮ ವಯಸ್ಸಾದ ಮದರ್ ಒಬ್ಬರನ್ನು ಕೇಳಿದೆ. ಅವರು ಹೂದೋಟಕ್ಕೆ ನೀರು ಹಾಕಿಸುತ್ತಿದ್ದರು. ಹಿಂದೂ ಹುಡುಗಿಗೆ ಇದೇಕೆ ಎಂದು ಕೇಳಲಿಲ್ಲ. ನನ್ನ ಕೈ ಹಿಡಿದು ಬಾವಿಯ ಹತ್ತಿರ ಕರೆದುಕೊಂಡು ಹೋಗಿ, "ಬಗ್ಗು. ಹೆಸರು ಕೂಗು" ಎಂದರು. ನಾನು ಕಟ್ಟೆ ಹಿಡಿದು ಬಗ್ಗಿ ನನ್ನ ಹೆಸರು ಕೂಗಿದೆ. ಕೆಳಗೆ ಕಪ್ಪು ನೀರಿನ ತನಕ ಹೋಗಿ ಹೆಸರು ತಿರುಗಿ ಬಂತು, ನನ್ನದಕ್ಕಿಂತ ದೊಡ್ಡ ದನಿಯಲ್ಲಿ.

"ಅದೇ" ಎಂದರು ಮದರ್. ಆಮೇಲೆ ಅವರ ಒಡಕು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅದು ಗ್ರೀಕರ ಮಾತು. ಅದರಲ್ಲಿ ಎರಡು ತುಂಡು ಇವೆ: ಒಂದು ಕೆಳಗೆ ಎನ್ನುವುದು, ಇನ್ನೊಂದು ಸದ್ದು ಎನ್ನುವುದು. ಬಾಯಿಂದ ಬಿಟ್ಟ ಸದ್ದು ಕಿವಿಯೊಳಕ್ಕೆ ಇಳಿದು ಮೊಳಗುವಂತೆ ಮಾಡುವುದು. ಇಂಗ್ಲಿಷಿನಲ್ಲಿ ಮಾರ್ದನಿಗೆ ಎಕೋ ಎನ್ನುತ್ತೇವಲ್ಲ, ಆ ಎರಡನೆಯ ತುಂಡೂ ಅದೂ ಒಂದೇ ಬೇರಿನವು. ಆ ಕಾಲದಲ್ಲಿ ಮನೆಮನೆಗೆ ಪುಸ್ತಕವೆಲ್ಲಿತ್ತು, ಎಲ್ಲ ಬಾಯಿಂದ ಕಿವಿಗೆ. ಪ್ರಶ್ನೆ-ಉತ್ತರ ಎಂಬ ಅರ್ಥ ಮೊದಲಿಗೆ ಆ ಪದದಲ್ಲಿ ಇರಲೇ ಇಲ್ಲ. ಪ್ರಶ್ನೆ-ಉತ್ತರದ ಪುಸ್ತಕಗಳು ಆಮೇಲೆ ಬಂದು ಆ ಹೆಸರನ್ನು ತಮ್ಮದಾಗಿ ಮಾಡಿಕೊಂಡವು.

ನಾನು ಅದನ್ನು ಮರೆಯದಂತೆ ಬೇಸಿಗೆಯ ರಜೆಯವರೆಗೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಇದ್ದು, ಬಸ್ಸಿನಿಂದ ಇಳಿದವಳೇ ಬೀದಿಕೋಣೆಗೆ ಓಡಿದೆ. ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸದ್ದು ಕೆಳಕ್ಕಿಳಿದು ವಾಪಸ್ ಬರೋದು ಅಂತೀಯಾ" ಎಂದರು. ಅವರ ಖಾಲಿ ಕಿವಿಯ ಹಾಲೆಗಳು ಅಲ್ಲಾಡಿದವು. ಎದ್ದು ಹೋಗಿ ಅಜ್ಜಿಗೆ ಹೇಳಿದರು. ಅಜ್ಜಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. "ನಮ್ಮಲ್ಲೂ ಅಂಗೇ ಅಲ್ವಾ. ಗುರುಗಳು ಉಪ್ದೇಸ ಕೊಡೋದು ಕಿವೀಲಿ ತಾನೆ? ಬೆನ್ನಿಗ್ ಯಾರಾದ್ರೂ ಉಪ್ದೇಸ ಕೊಟ್ಟಾರಾ?" ಹುಣಸೆಯ ಬರಲು ಒಲೆ ಸೇರಿದ ದಿನವನ್ನು ನೆನೆಸಿಕೊಂಡು ಇಬ್ಬರೂ ನಕ್ಕರು.

ಆ ರಜೆಯಲ್ಲೇ ಪರೀಕ್ಷೆ ಬಂದದ್ದು.

ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆಯುವುದು ಅವರಿಗೆ ದೊಡ್ಡ ಹಬ್ಬ. ಅದಕ್ಕೆ ಮುಂಚೆ ಜ್ಞಾನೋಪದೇಶದಲ್ಲಿ ತೇರ್ಗಡೆಯಾಗಬೇಕು. ಪ್ರತಿ ವರ್ಷ ನಮ್ಮೂರ ಸ್ವಾಮಿಗಳೇ ಕೇಳಿ ಮುಗಿಸುತ್ತಿದ್ದರು. ಆ ವರ್ಷ ಮೇಲಿನವರು ಬೇರೊಬ್ಬ ಸ್ವಾಮಿಗಳನ್ನು ಪರೀಕ್ಷೆಗೆಂದು ಕಳಿಸಿದರು. ಅವರು ಹನೂರಿನ ಕಡೆ ಮುಗಿಸಿಕೊಂಡು ಬರುತ್ತಿದ್ದಾರೆ, ಅಲ್ಲಿ ಅರ್ಧಕ್ಕರ್ಧ ಮಕ್ಕಳನ್ನು ತಡೆದಿದ್ದಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಸ್ಸಿನಲ್ಲಿ ಬಂತು. ನಮ್ಮೂರ ಸ್ವಾಮಿಗಳು ಖುದ್ದಾಗಿ ನಮ್ಮ ಜಗಲಿಗೆ ಬಂದರು.

"ನೋಡಿ ಅಮ್ಮ" ಎಂದರು, ಚಪ್ಪಲಿಯ ಧೂಳನ್ನೇ ನೋಡುತ್ತಾ. "ಕೊಯಮತ್ತೂರಿನಿಂದ ತರಬೇತಾದ ಉಪದೇಶಿ ಒಬ್ಬರನ್ನು ಕಳಿಸೋ ಯೋಚನೆ ಮೇಲಿನವರಿಗಿದೆ. ತಮಿಳಿನಲ್ಲಿ ಪಾಠ. ಮಕ್ಕಳು ಚೆನ್ನಾಗಿ ಹೇಳಿದರೆ ನಾನು ನಿಮ್ಮ ಪರವಾಗಿ ಮಾತಾಡಬಹುದು. ಹೇಳದಿದ್ದರೆ ನನ್ನ ಕೈಲಿ ಏನೂ ಇಲ್ಲ."

ಆಗ ಕೊಳ್ಳೇಗಾಲ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೇಲಿನಿಂದ ಬರುವ ಮಾತೆಲ್ಲ ತಮಿಳಿನಲ್ಲೇ ಬರುವುದು ನಮಗೆ ಹೊಸತಲ್ಲ. ಆದರೆ ಉಪದೇಶಿಯಮ್ಮನಿಗೆ ಈ ಪಾಠ ಬಿಟ್ಟರೆ ಬೇರೆ ಬಾಳಿರಲಿಲ್ಲ. ಅವರಿಗೆ ತಮಗಿಂತ ಹೆಚ್ಚಿನ ಚಿಂತೆ ಸವರಿಯದು. ಸವರಿ ರಾಮಾಪುರದ ಆಚೆಯ ಹುಡುಗಿ, ಉದ್ದನೆಯ ಕೈಕಾಲು, ಮಾತು ಬಹಳ ನಿಧಾನ. ಹಿಂದಿನ ವರ್ಷ ಉತ್ತರ ಹೇಳುವಷ್ಟರಲ್ಲಿ ನಮ್ಮೂರ ಸ್ವಾಮಿಗಳು ಮುಂದಿನ ಮಗುವಿಗೆ ಹೋಗಿಬಿಟ್ಟಿದ್ದರಿಂದ ಅವಳಿಗೆ ಪ್ರಸಾದ ತಪ್ಪಿತ್ತು. ಈ ವರ್ಷವೂ ತಪ್ಪಿದರೆ ತಂದೆ ಅವಳನ್ನು ಪಾಠ ಬಿಡಿಸಿ ಪೂರಾ ದಿನ ರೇಷ್ಮೆ ಬಿಚ್ಚಲು ಕೂರಿಸುವವನಿದ್ದ.

ಪರೀಕ್ಷೆಯ ದಿನ ನಾನು ಚರ್ಚಿನ ಕಿಟಕಿಯ ಹೊರಗೆ, ಚಿಕ್ಕಮ್ಮನ ಜೊತೆ ನಿಂತಿದ್ದೆ. ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿ ಸಾಲಾಗಿ ನಿಂತಿದ್ದರು. ಸವರಿ ನನ್ನ ಹಳೆಯ ಹಸಿರು ಲಂಗ ಉಟ್ಟಿದ್ದಳು. ಅದು ಅವಳಿಗೆ ಗಿಡ್ಡವಾಗಿ ಕಾಲಿನ ಮೂಳೆ ಕಾಣುತ್ತಿತ್ತು. ಪರೀಕ್ಷೆಯ ಸ್ವಾಮಿಗಳದು ಒಪ್ಪವಾಗಿ ಕತ್ತರಿಸಿದ ಗಡ್ಡ, ದುಂಡನೆಯ ಕನ್ನಡಕ. ಮೇಜಿನ ಮೇಲಿನ ನೀರಿನ ಲೋಟದ ಮುಚ್ಚಳವನ್ನು ತೆಗೆದು, ನೋಡಿ, ಮತ್ತೆ ಮುಚ್ಚಿದರು. ಮೊದಲಿಗೆ ನಿಂತಿದ್ದವನು ರಾಯಪ್ಪ ಎಂಬ ಚೂಟಿ ಹುಡುಗ.

"ದೇವರು ಎಲ್ಲಿದ್ದಾನೆ?"

ರಾಯಪ್ಪ ಕಿವಿಯ ಹಿಂದೆ ಕೈ ಇಟ್ಟ. "ದೇವ್ರು ಎಲ್ಲವ್ನೆ ಅಂತ ಕೇಳ್ತಿದ್ದೀರಿ ಸ್ವಾಮಿ."

"ಹೌದು, ಅದನ್ನೇ ಕೇಳಿದೆ."

ರಾಯಪ್ಪನಿಗೆ ದಿಕ್ಕು ತಪ್ಪಿತು. ಹೇಳಿದ್ದನ್ನೆಲ್ಲ ಹಿಂತಿರುಗಿಸುವುದೇ ಅವನು ಕಲಿತ ಮರ್ಯಾದೆ. "ಔದು, ಅದನ್ನೇ ಕೇಳ್ದೆ ಅಂತೀರಿ ಸ್ವಾಮಿ" ಎಂದ.

ಹಿಂದೆ ಯಾರೋ ಕಿಸಕ್ಕೆಂದರು. ಸ್ವಾಮಿಗಳ ಕಿವಿ ಕೆಂಪಾಯಿತು. ಪಕ್ಕದ ಹುಡುಗಿಯ ಕಡೆ ತಿರುಗಿ, "ಇದೇನು ಹುಡುಗಾಟ?" ಎಂದರು.

"ಇದೇನು ಉಡುಗಾಟ ಅಂತ ಕೇಳ್ತಿದ್ದೀರಿ ಸ್ವಾಮಿ" ಎಂದಿತು ಆ ಮಗು, ಬಹಳ ಭಕ್ತಿಯಿಂದ.

ಸ್ವಾಮಿಗಳು ಪುಸ್ತಕ ಮುಚ್ಚಿದರು. ಆ ಸದ್ದು ಕಿಟಕಿಯ ಹೊರಗೂ ಕೇಳಿಸಿತು. ಬೇರೆ ಯಾವ ಊರಿನ ಮಕ್ಕಳೂ ಮಾಡದ ತಪ್ಪು ಇದು. ಪಾಪ, ಚೆನ್ನಾಗಿ ಕಲಿತದ್ದರಿಂದಲೇ ಮಾಡಿದ ತಪ್ಪು. ಚಿಕ್ಕಮ್ಮ ನನ್ನ ತೋಳು ಹಿಂಡಿದಳು. ನಮ್ಮೂರ ಸ್ವಾಮಿಗಳು ಏನೋ ಹೇಳಲು ಬಾಯಿ ತೆರೆದರು, ಪರೀಕ್ಷೆಯ ಸ್ವಾಮಿಗಳು ಕೈ ಎತ್ತಿ ತಡೆದರು.

"ಇವರಿಗೆ ಹೀಗೆ ಕಲಿಸಿದವರು ಯಾರು?"

ಹಿಂದಿನ ಕಂಬದ ಹತ್ತಿರ ಕೂತಿದ್ದ ಉಪದೇಶಿಯಮ್ಮ ಎದ್ದರು. ಬೆವರಿಗೆ ಸೆರಗು ಹಣೆಗೆ ಅಂಟಿತ್ತು. ಬಲಗಿವಿಯ ಹಿಂದಕ್ಕೆ ಅದನ್ನು ಸಿಕ್ಕಿಸಿಕೊಂಡರು. ನಾನು, ಈಗ ಮಾತ್ರ ನೇರವಾಗಿ ಉತ್ತರ ಕೊಟ್ಟುಬಿಡಲಪ್ಪ ಎಂದು ನಮ್ಮ ದೇವರನ್ನೂ ಅವರ ದೇವರನ್ನೂ ಬೇಡಿಕೊಂಡೆ.

"ಹೀಗೆ ಕಲಿಸಿದವರು ಯಾರು ಅಂತ ಕೇಳ್ತಿದ್ದೀರಿ ಸ್ವಾಮಿ" ಎಂದರು ಉಪದೇಶಿಯಮ್ಮ.

ನಮ್ಮೂರ ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು.

"ನಾನು ಕಲಿಸಿದ್ದು. ಅಣಕ ಅಲ್ಲ ಸ್ವಾಮಿ. ನೀವು ಕೇಳಿದ್ದು ಅವರ ಒಳಗೆ ಇಳೀತಾ ಇಲ್ವಾ ಅಂತ ನಂಗೆ ಗೊತ್ತಾಗೋದು ಹಿಂಗೇನೆ. ಪುಸ್ತಕ ಮುಚ್ಚಿದ್ದೀರಿ, ಮುಚ್ಚೇ ಇರ್ಲಿ. ಯಾವ ಮಗೂನಾದ್ರೂ ಪುಸ್ತಕದಲ್ಲಿಲ್ಲದ್ದು ಒಂದು ಕೇಳಿ. ಹೇಳ್ನಿಲ್ಲ ಅಂದ್ರೆ ನಾಳೆಯಿಂದ ನಾನು ಜಗಲೀಲಿ ಕೂರಲ್ಲ. ಹೇಳಿದ್ರೆ ಇವರನ್ನ ತಡೀಬೇಡಿ."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಸ್ವಾಮಿಗಳು ಸಾಲಿನ ಉದ್ದಕ್ಕೂ ನೋಡಿದರು. ಎಲ್ಲರಿಗಿಂತ ಉದ್ದವಾಗಿ ಕಂಡವಳು ಸವರಿ. ಬೆರಳು ತೋರಿಸಿದರು. ಉಪದೇಶಿಯಮ್ಮನ ಕೈ ಕತ್ತಿನ ಶಿಲುಬೆಗೆ ಹೋದದ್ದು ನನಗೆ ಕಿಟಕಿಯಿಂದಲೇ ಕಂಡಿತು.

"ನೀನು ಮಾಡಿದ ಪಾಪವೆಲ್ಲ ದೇವರಿಗೆ ಮೊದಲೇ ಗೊತ್ತು. ಹಾಗಿದ್ದ ಮೇಲೆ ಗುರುಗಳ ಮುಂದೆ ಮೊಣಕಾಲೂರಿ ಅದನ್ನು ಬಾಯಿಬಿಟ್ಟು ಹೇಳುವುದೇಕೆ?"

ಸವರಿ ಕೈಯನ್ನು ಕಿವಿಯ ಹಿಂದೆ ತಂದಳು. ಅಷ್ಟು ತರುವುದಕ್ಕೇ ಅವಳಿಗೆ ಹೊತ್ತು ಬೇಕಾಯಿತು.

"ದೇವ್ರಿಗೆ ಎಲ್ಲಾ ಗೊತ್ತಿರೋವಾಗ... ನಾನು ಯಾಕೆ ಬಾಯ್ಬುಟ್ಟು ಏಳ್ಬೇಕು ಅಂತ... ಕೇಳ್ತಿದ್ದೀರಿ ಸ್ವಾಮಿ."

ಮೇಲೆ ಹೆಂಚಿನ ಸಂದಿಯಲ್ಲಿ ಗುಬ್ಬಿ ಹುಲ್ಲು ಎಳೆಯುವ ಸದ್ದು. ಉಪದೇಶಿಯಮ್ಮ ಕಣ್ಣು ಮುಚ್ಚಿಕೊಂಡಿದ್ದರು, ದಿನವೂ ಕೇಳುವಾಗ ಮುಚ್ಚಿಕೊಳ್ಳುವಂತೆಯೇ.

"ಅವ್ರಿಗೆ ಗೊತ್ತಿರ್ತದೆ ಸ್ವಾಮಿ" ಎಂದಳು ಸವರಿ. "ಏಳೋದು... ನಂಗೆ ಗೊತ್ತಾಗ್ಲಿ ಅಂತ."

ಸ್ವಾಮಿಗಳು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದು ಸಾಕಾದರೂ ಒರೆಸುತ್ತಲೇ ಇದ್ದರು.

"ಇದನ್ನು ಯಾರು ಹೇಳಿಕೊಟ್ಟರು ಮಗಳೇ?"

"ಇದ್ನ ಯಾರು ಏಳ್ಕೊಟ್ರು ಅಂತ ಕೇಳ್ತಿದ್ದೀರಿ ಸ್ವಾಮಿ. ಯಾರೂ ಇಲ್ಲ. ನೀವು ಕೇಳ್ದದ್ದ ನಾನು ವಾಪಸ್ ಕೊಟ್ನಲ್ಲ, ಆಗ ಗೊತ್ತಾಯ್ತು."

ಪುಸ್ತಕ ಮತ್ತೆ ತೆರೆಯಿತು. ಒಬ್ಬೊಬ್ಬರನ್ನೂ ಕೇಳಿದರು. ಕೇಳಿದ್ದೆಲ್ಲ ಹಟ್ಟಿಯ ಮಾತಾಗಿ ತಿರುಗಿ ಬಂತು; ಹಿಂದೆಯೇ ಉತ್ತರ ಬಂತು. ಸ್ವಾಮಿಗಳಿಗೆ ಮೊದಲು ತಾಳ್ಮೆ ಬಂತು, ಆಮೇಲೆ ರುಚಿ ಹತ್ತಿತು. ಬೇಕೆಂದೇ ಪ್ರಶ್ನೆಯನ್ನು ಸುತ್ತುಬಳಸಿ ಕೇಳುವುದು, ಮಗು ಅದನ್ನು ಹೇಗೆ ನೆಟ್ಟಗೆ ಮಾಡಿ ಹಿಂದಕ್ಕೆ ಕೊಡುತ್ತದೆ ಎಂದು ಕಾಯುವುದು. ಬಿಸಿಲು ಬಾಗಿಲಿನಿಂದ ಪೀಠದ ಮೆಟ್ಟಿಲಿನವರೆಗೆ ಬಂದಿತ್ತು. ಒಂದು ಮಗುವನ್ನೂ ತಡೆಯಲಿಲ್ಲ.

ಕೊನೆಗೆ ಅವರು ನಮ್ಮೂರ ಸ್ವಾಮಿಗಳ ಕಡೆ ತಿರುಗಿ, "ಗ್ರೀಕ್ ಓದಿದ್ದು ನೆನಪಿದೆಯೇ ನಿಮಗೆ? ಈ ಪಾಠದ ಹೆಸರಿನ ಮೂಲ ಎಕೋ ಅಲ್ಲವೇ? ಓದುವಾಗ ಬಾಯಿಪಾಠ ಮಾಡಿದ್ದೆ. ಕಿವಿಯಿಂದ ಕೇಳಿದ್ದು ಇವತ್ತೇ. ಕೊಯಮತ್ತೂರಿನಿಂದ ಯಾರೂ ಬರುವುದು ಬೇಡ ಎಂದು ನಾನೇ ಹೇಳುತ್ತೇನೆ" ಎಂದರು.

ಉಪದೇಶಿಯಮ್ಮ ತಲೆ ಎತ್ತಲಿಲ್ಲ. ಆದರೆ ಕಿಟಕಿಯ ಕಡೆ ಕಣ್ಣು ತಿರುಗಿಸಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಬಾವಿಯೊಳಗೆ ಬಗ್ಗಿ ನನ್ನ ಹೆಸರು ಕೂಗಿದಾಗ ಆದಷ್ಟೇ ಖುಷಿ ಆಗ ನನಗಾಯಿತು.

ಸ್ವಾಮಿಗಳು ಬಸ್ ಸ್ಟ್ಯಾಂಡಿಗೆ ಜಟಕಾ ಹತ್ತುವಾಗ ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು. ರಾಯಪ್ಪ ಗಾಡಿಯ ಚಕ್ರ ಹಿಡಿದುಕೊಂಡೇ ಕೇಳಿದ: "ಮತ್ತೆ ಯಾವಾಗ ಬತ್ತೀರಿ ಸ್ವಾಮಿ?"

ಅವರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವರು ಹಾಗೇ ನಿಂತರು. ಕೈಯನ್ನು ಕಿವಿಯ ಹಿಂದೆ ದೊನ್ನೆಯಂತೆ ಹಿಡಿದರು. "ಮತ್ತೆ ಯಾವಾಗ ಬರುತ್ತೀರಿ ಅಂತ ಕೇಳ್ತಿದ್ದೀಯಪ್ಪ" ಎಂದರು.

ಮಕ್ಕಳ ಕೂಗಿಗೆ ಜಟಕಾದ ಕುದುರೆ ಬೆಚ್ಚಿತು.

"ನೀವೆಲ್ಲ ಪ್ರಸಾದ ತಗೊಳ್ಳೋ ಹಬ್ಬಕ್ಕೆ."

ನಾವು ಮನೆಗೆ ಬಂದಾಗ ಅಜ್ಜಿ ಮಗ್ಗದಲ್ಲೇ ಇದ್ದರು. ಬೆಳಿಗ್ಗೆಯಿಂದ ಲಾಳಿ ಎಸೆಯುತ್ತಿದ್ದರಾದರೂ ಬಟ್ಟೆ ಬೆರಳಷ್ಟೂ ಮುಂದೆ ಹೋಗಿರಲಿಲ್ಲ. ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯುತ್ತಿದ್ದರೆಂದು ಅಮ್ಮ ಆಮೇಲೆ ಹೇಳಿದಳು. ಬಾಗಿಲಲ್ಲಿ ನೆರಳು ಕಂಡ ಕೂಡಲೇ ಲಾಳಿ ನಿಂತಿತು.

"ಏನಾಯ್ತಮ್ಮಣ್ಣಿ?"

"ಗೆದ್ದೊ ಅವ್ವ" ಎಂದುಬಿಟ್ಟರು ಉಪದೇಶಿಯಮ್ಮ. ಹೊಸ್ತಿಲನ್ನೂ ದಾಟಿರಲಿಲ್ಲ.

ಅಜ್ಜಿ ಗುಂಡಿಯಲ್ಲಿ ಕೂತಲ್ಲಿಂದಲೇ ಒಂದು ಅಂಗೈ ಚಾಚಿದರು. ನೀಲಿ ಬಣ್ಣ ಹತ್ತಿದ ಬೆರಳುಗಳು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಕೇಳಿದ್ದ ಮೊದ್ಲು ವಾಪಸ್ ಕೊಡು."

ಉಪದೇಶಿಯಮ್ಮ ಹೊಸ್ತಿಲ ಮೇಲೆಯೇ ನಿಂತು, ಸೆರಗನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ, ಕಿವಿಯ ಹಿಂದೆ ಕೈ ಇಟ್ಟರು.

"ಏನಾಯ್ತು ಅಂತ ಕೇಳ್ತಿದ್ದೀಯಾ ಅವ್ವ" ಎಂದರು. "ಗೆದ್ದೊ."

"ಗೆದ್ದೊ ಅಂತೀಯಾ" ಎಂದರು ಅಜ್ಜಿ, ಲಾಳಿ ಎಸೆದರು.